ಖಾಲಿಯಿದ್ದ ಕುರ್ಚಿ

ಕುರ್ಚಿಗಳನ್ನು ದುಂಡಗೆ ಜೋಡಿಸಿದವಳು ನಾನೇ. ದೇವನಹಳ್ಳಿಯಿಂದ ಸ್ವಲ್ಪ ಆಚೆ, ದ್ರಾಕ್ಷಿ ಚಪ್ಪರಗಳ ಪಕ್ಕದಲ್ಲಿ ಹೊಸದಾಗಿ ಎದ್ದಿದ್ದ ಒಂದು ಹೋಟೆಲಿನ ಸಭಾಂಗಣ ಅದು. ಮೇಜು ಇರಬಾರದು, ಹೆಸರಿನ ಫಲಕ ಇರಬಾರದು, ಎಲ್ಲ ಕುರ್ಚಿಗಳೂ ಒಂದೇ ಎತ್ತರ ಇರಬೇಕು ಎಂದು ನನ್ನ ಗೆಳತಿ ಹೇಳಿದ್ದಳು. ಒಂದು ಕುರ್ಚಿಯ ಕಾಲು ಸ್ವಲ್ಪ ಅಲುಗಾಡುತ್ತಿತ್ತು. ಅದನ್ನು ಹಿಂದಕ್ಕೆ ಎಳೆದಿಟ್ಟು ಬೇರೆ ತಂದು ಹಾಕಿದ್ದೆ.

ಬೆಳಿಗ್ಗೆ ಅಧಿಕಾರಿಗಳು ಒಬ್ಬೊಬ್ಬರಾಗಿ ಬಂದರು. ಒಂದೊಂದು ಇಲಾಖೆಯ ತಲೆಯ ಮೇಲೆ ಕೂತವರು. ಗುಡ್ ಮಾರ್ನಿಂಗ್ ಆಯಿತು, ಚಕ್ಕೋತದ ರಸ ಕುಡಿದಾಯಿತು, ಆದರೆ ಯಾರೂ ಕೂರಲಿಲ್ಲ. ಒಬ್ಬರು ಕಿಟಕಿಯ ಹತ್ತಿರ ನಿಂತು ಇಳಿಯುತ್ತಿದ್ದ ವಿಮಾನ ನೋಡಿದರು. ಇನ್ನೊಬ್ಬರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು. ಕುರ್ಚಿಗಳಲ್ಲಿ ಧೂಳಿದೆಯೇನೋ ಎಂದು ನಾನು ಸೆರಗಿನ ತುದಿಯಲ್ಲಿ ಒಂದನ್ನು ಒರೆಸಿ ನೋಡಿದೆ. ಇರಲಿಲ್ಲ.

"ಯಾಕೇ ಕೂತ್ಕೊಳ್ತಿಲ್ಲ ಇವ್ರು?" ಎಂದು ಗೆಳತಿಯ ಕಿವಿಯಲ್ಲಿ ಕೇಳಿದೆ.

"ದೊಡ್ಡೋರು ಇನ್ನೂ ಬಂದಿಲ್ವಲ್ಲ," ಎಂದಳು ಅವಳು, ತುಟಿ ಅಲ್ಲಾಡಿಸದೆ.

ದೊಡ್ಡವರು ಬಂದರು. ಎತ್ತರದ ಆಳು, ನರೆತ ಕೂದಲು, ನಿವೃತ್ತಿಗೆ ಹತ್ತಿರದಲ್ಲಿದ್ದವರು. ಬಾಗಿಲ ಬಳಿಯ ಕುರ್ಚಿಯಲ್ಲಿ, ಕೈಗೆ ಸಿಕ್ಕಿತೆಂದು, ಸುಮ್ಮನೆ ಕೂತರು. ಅಷ್ಟೇ ಸಾಕಾಯಿತು. ಅವರ ಬಲಕ್ಕೆ ಒಬ್ಬರು, ಎಡಕ್ಕೆ ಒಬ್ಬರು, ಆಮೇಲೆ ಅವರವರ ಪಕ್ಕ ಒಬ್ಬೊಬ್ಬರು ಸರಸರನೆ ತುಂಬಿಕೊಂಡರು. ಒಬ್ಬರು ತಪ್ಪಾಗಿ ಕೂತು, ನಾಲಿಗೆ ಕಚ್ಚಿಕೊಂಡು, ಎದ್ದು ಒಂದು ಕುರ್ಚಿ ಆಚೆ ಹೋದರು. ಯಾರು ಯಾವ ಬ್ಯಾಚಿನವರು, ಯಾರಿಗಿಂತ ಯಾರು ಮೊದಲು ಎಂಬುದು ಎಲ್ಲರಿಗೂ ಬಾಯಿಪಾಠ. ತಲೆಯೇ ಇಲ್ಲದಂತೆ ನಾನು ಹಾಕಿದ್ದ ದುಂಡು ಸಾಲಿಗೆ ನನ್ನ ಕಣ್ಣೆದುರೇ ತಲೆ ಬಂತು, ಭುಜ ಬಂತು, ಕೊನೆಗೆ ಎದುರು ಗೋಡೆಯ ಕಡೆ ಪಾದವೂ ಬಂತು. ನಾನು ಬಿಸ್ಕತ್ತಿನ ತಟ್ಟೆ ಹಿಡಿದು ದಂಗಾಗಿ ನಿಂತಿದ್ದೆ.

ನಾನು ಅಲ್ಲಿಗೆ ಹೋಗಿದ್ದೇ ಆಕಸ್ಮಿಕ. ಗೆಳತಿಯೂ ನಾನೂ ಬೆಂಗಳೂರಿನ ಒಂದು ಕಾನ್ವೆಂಟಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾನು ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದೆ, ಮನೆ ಮಕ್ಕಳು ಎಂದು ಉಳಿದೆ. ಅವಳು ದೊಡ್ಡ ಕಂಪನಿಯಲ್ಲಿ ವರ್ಷಾನುಗಟ್ಟಲೆ ತರಬೇತಿ ಕೊಟ್ಟು, ಅದನ್ನು ಬಿಟ್ಟು, ಸರ್ಕಾರದ ಹಿರಿಯ ಅಧಿಕಾರಿಗಳಿಗೆ ಪಾಠ ಹೇಳುವ ಕೆಲಸ ಶುರು ಮಾಡಿದ್ದಳು. ತಮ್ಮ ತಮ್ಮ ಇಲಾಖೆಗಳಲ್ಲಿ ಬದಲಾವಣೆ ತರುವುದು ಹೇಗೆ, ಅದಕ್ಕೆ ಮೊದಲು ತಾವೇ ಹೇಗೆ ಬದಲಾಗಬೇಕು ಎಂಬುದು ಪಾಠ. ಇದು ಅವಳ ಮೊದಲ ತಂಡ. ಸಹಾಯಕ್ಕಿದ್ದ ಹುಡುಗಿಗೆ ಡೆಂಗ್ಯೂ ಜ್ವರ ಬಂದಾಗ ನನಗೆ ಫೋನ್ ಮಾಡಿದಳು.

"ಸುಮ್ನೆ ಬಾರೇ. ಟೀ ಬಿಸ್ಕತ್ತು ನೋಡ್ಕೊ, ಕಾಗದ ಪೆನ್ನು ಹಂಚು. ನಿನ್ ಇಂಗ್ಲಿಷ್ ಚೆನ್ನಾಗಿದೆ, ನಡತೆ ಇನ್ನೂ ಚೆನ್ನಾಗಿದೆ. ಈ ತಂಡದಲ್ಲಿರೋ ದೊಡ್ಡ ಸಾಹೇಬ್ರು ಕೊನೇ ದಿನ ಅಭಿಪ್ರಾಯ ಕೊಡ್ತಾರೆ. ಅವ್ರು ಹೂಂ ಅಂದ್ರೆ ಈ ಪಾಠ ಬೇರೆ ತಂಡಗಳಿಗೂ ಮುಂದುವರಿಯತ್ತೆ. ಊಹೂಂ ಅಂದ್ರೆ ನಾನು ಅಂಗಡಿ ಮುಚ್ಚಿದ ಹಾಗೇನೇ."

ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. "ಸಾಹೇಬ್ರಿಗೆ ಪಾಠ ಹೇಳಕ್ಕೆ ನೀನಾ? ಪಾಪ ಅವ್ರು ಏನ್ ತಪ್ಪು ಮಾಡಿದ್ರಪ್ಪಾ," ಎಂದು ನಕ್ಕು, ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಮೊದಲ ದಿನವೆಲ್ಲ ಗೆಳತಿ ಚೆನ್ನಾಗಿಯೇ ಮಾತಾಡಿದಳು. ಅಧಿಕಾರಿಗಳು ಅವಳಿಗಿಂತ ಚೆನ್ನಾಗಿ ಮಾತಾಡಿದರು. ಅವಳು ಒಂದು ವಾಕ್ಯ ಶುರು ಮಾಡಿದರೆ ಅವರು ಮುಗಿಸುತ್ತಿದ್ದರು. ಮೇಲಿನವರು ಬದಲಾಗದೆ ಕೆಳಗಿನವರು ಬದಲಾಗರು ಎಂದಳು. ಖಂಡಿತ ಎಂದರು. ಜನ ನಮ್ಮ ಹತ್ತಿರ ಬರಲು ಹೆದರಬಾರದು ಎಂದಳು. ಅದೇ ಮುಖ್ಯ ಎಂದರು. ಸಂಜೆ ಎಲ್ಲರೂ ಹೋದ ಮೇಲೆ ಅವಳು ಖಾಲಿ ಸಭಾಂಗಣದಲ್ಲಿ ತಲೆ ಹಿಡಿದು ಕೂತಳು.

"ಜಗಳ ಆಡೋರನ್ನ ಒಪ್ಪಿಸ್ಬೋದು ಕಣೇ. ಎಲ್ಲಾನೂ ಒಪ್ಕೊಳ್ಳೋರನ್ನ ಏನ್ ಮಾಡ್ಲಿ?"

ಎರಡನೆಯ ದಿನಕ್ಕೆ ಅವಳ ಹತ್ತಿರ ಒಂದು ಉಪಾಯ ಇತ್ತು. ಒಬ್ಬೊಬ್ಬ ಅಧಿಕಾರಿಯೂ ತಮ್ಮದಲ್ಲದ ಇಲಾಖೆಯ ಒಂದು ಸಣ್ಣ ಕಚೇರಿಗೆ ಹೋಗಬೇಕು. ಸರ್ಕಾರಿ ಕಾರಿಲ್ಲ, ಜೊತೆಗೆ ಅಟೆಂಡರ್ ಇಲ್ಲ, ಯಾರಿಗೂ ಮುಂಚೆ ಫೋನ್ ಮಾಡುವಂತಿಲ್ಲ, ತಾವು ಯಾರೆಂದು ಹೇಳುವಂತಿಲ್ಲ. ಒಂದು ಹಳೆಯ ದಾಖಲೆಯ ನಕಲು ಬೇಕಾದರೆ ಏನು ಮಾಡಬೇಕು ಎಂದು ಕೇಳಿ, ಉತ್ತರ ತೆಗೆದುಕೊಂಡು, ಊಟದ ಹೊತ್ತಿಗೆ ವಾಪಸ್ ಬರಬೇಕು. ಕೆಲವರು ಹೊಸಕೋಟೆ ಕಡೆ ಹೊರಟರು, ಕೆಲವರು ನೆಲಮಂಗಲದ ಕಡೆ. ದೊಡ್ಡ ಸಾಹೇಬರ ಜೊತೆಗೆ, ದಾರಿ ಬಲ್ಲವಳೆಂದು, ನನ್ನನ್ನು ಕಳಿಸಿದಳು. ಯಾವ ಊರು, ಯಾವ ಕಚೇರಿ ಎಂದು ನಾನು ಹೇಳುವುದಿಲ್ಲ. ಜಿಲ್ಲೆಯೊಳಗಿನದೇ.

ಸಾಹೇಬರು ಕೈಗಡಿಯಾರ ಬಿಚ್ಚಿಟ್ಟು ಚೌಕಳಿ ಅಂಗಿ ಹಾಕಿಕೊಂಡು ಬಂದಿದ್ದರು. ಹುಮ್ಮಸ್ಸಿನಲ್ಲಿದ್ದರು. ಬಸ್ಸು ಬಂತು. ಹತ್ತಿದವರೇ ಮುಂದಿನ ಸೀಟಿನಲ್ಲಿ ಆರಾಮಾಗಿ ಕೂತರು. ನಾನು ಹೇಳಬೇಕೆನ್ನುವಷ್ಟರಲ್ಲಿ ಕಂಡಕ್ಟರ್ ಬಂದಳು.

"ಲೇಡೀಸ್ ಸೀಟು ಯಜಮಾನ್ರೇ. ಮೇಲೆ ಬರ್ದಿರೋದು ಕಾಣ್ಸಲ್ವಾ? ಎದ್ದೇಳಿ, ಹಿಂದೆ ನಡೀರಿ."

ಸಾಹೇಬರ ಮುಖ ಒಂದು ಕ್ಷಣ ಬಿಳಿಚಿತು. ಇಡೀ ಜನ್ಮದಲ್ಲಿ ಅವರಿಗೆ ಎದ್ದೇಳಿ ಎಂದವರು ಯಾರಿದ್ದರೋ. ಆದರೆ ಎದ್ದು ಹೋಗಿ ಹಿಂದೆ ನಿಂತು, ಕಂಬಿ ಹಿಡಿದು, ನನ್ನ ಕಡೆ ನೋಡಿ ಚಿಕ್ಕ ಹುಡುಗರ ಹಾಗೆ ನಕ್ಕರು. ಇಳಿದ ಮೇಲೆ ಅಂದರು, "ನೋಡಿದ್ರಾ ಮೇಡಂ, ಒಬ್ರಿಗೂ ಗೊತ್ತಾಗ್ಲಿಲ್ಲ. ನಾನು ಈಗ ಪಬ್ಲಿಕ್ಕು!"

ನನಗೂ ಅವರ ಮೇಲೆ ಅಕ್ಕರೆಯಾಯಿತು. ಪರವಾಗಿಲ್ಲ, ಒಳ್ಳೆಯವರು ಎನ್ನಿಸಿತು.

ಕಚೇರಿಯ ಬಾಗಿಲು ಮುಚ್ಚಿತ್ತು. ಬೀಗ ಹಾಕಿದ್ದಲ್ಲ, ತಳ್ಳಿದರೆ ತೆರೆಯುವ ಗಾಜಿನ ಬಾಗಿಲು. ಸಾಹೇಬರು ಅದರ ಮುಂದೆ ಹೋಗಿ ನಿಂತರು. ಕೈ ಎತ್ತಲಿಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು, ಏನನ್ನೋ ಯೋಚಿಸುತ್ತಾ, ಬಾಗಿಲು ತೆರೆಯಲಿ ಎಂದು ನಿಂತಿದ್ದರು. ಬಾಗಿಲುಗಳು ಅವರಿಗೆ ಯಾವಾಗಲೂ ತಾವಾಗಿಯೇ ತೆರೆದುಕೊಂಡಿರಬೇಕು. ನಾನು ಕಕ್ಕಾಬಿಕ್ಕಿಯಾಗಿ, ಹಿಂದಿನಿಂದ ಕೈ ಚಾಚಿ ತಳ್ಳಿದೆ.

ಒಳಗೆ ಮೂಲೆಯಲ್ಲಿದ್ದ ಅಟೆಂಡರ್ ಗಾಜಿನಾಚೆಯಿಂದ ಇದನ್ನು ನೋಡುತ್ತಿದ್ದ. ಅವನಿಗೆ ಅಷ್ಟು ಸಾಕಾಗಿತ್ತು. ಯಾರು, ಏನು ಎಂದು ಕೇಳಲಿಲ್ಲ. ಅವನ ಬೆನ್ನು ನೆಟ್ಟಗಾಯಿತು, ಬಾಯಲ್ಲಿದ್ದ ಅಡಿಕೆ ಒಂದು ಕೆನ್ನೆಯ ಒಳಕ್ಕೆ ಸರಿಯಿತು.

ಜನ ಗೋಡೆಗುಂಟ ನಿಂತಿದ್ದರು. ಗುಮಾಸ್ತರ ಮೇಜಿನ ಎದುರು ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ಒಬ್ಬ ಅಜ್ಜಿ ಕೂತಿತ್ತು. ಕೆನ್ನೀಲಿ ಸೀರೆ, ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಹೆಬ್ಬೆರಳಿಗೆ ಅರಿಸಿನದ ಬಟ್ಟೆ ಸುತ್ತಿದ ಕಾಲನ್ನು ಮುಂದಕ್ಕೆ ನೀಡಿಕೊಂಡು ಕೂತಿತ್ತು. ಅಟೆಂಡರ್ ಮಾತಾಡಲಿಲ್ಲ. ಅಜ್ಜಿಯ ಕಡೆ ಗದ್ದ ಎತ್ತಿದ, ಅಷ್ಟೇ. ಅಜ್ಜಿ ಮೇಜಿನ ಅಂಚು ಹಿಡಿದು ಎದ್ದಿತು. ಅಟೆಂಡರ್ ಕುರ್ಚಿಯನ್ನು ಕೈಯಿಂದ ಒರೆಸಿ, ಅರ್ಧ ತಿರುಗಿಸಿ, "ಬನ್ನಿ ಸಾರ್, ಕೂತ್ಕೊಳಿ ಸಾರ್" ಎಂದ. ಇದೆಲ್ಲ ನಾನು ಉಸಿರು ಎಳೆದು ಬಿಡುವಷ್ಟರಲ್ಲಿ ನಡೆದುಹೋಗಿತ್ತು. ಸಾಹೇಬರು ಬಂದು ಕೂತರು.

ಅಜ್ಜಿ ಕುಂಟುತ್ತಾ ಬಂದು ನನ್ನ ಪಕ್ಕ ಗೋಡೆಗೆ ಒರಗಿ ನಿಂತಿತು. ನನ್ನ ಮುಖ ಹೇಗಿತ್ತೋ ಏನೋ, ಅಜ್ಜಿಯೇ ನನಗೆ ಸಮಾಧಾನ ಹೇಳಿತು.

"ಬುಡವ್ವ. ದೊಡ್ಡೋರು ಬಂದವ್ರೆ."

"ನಿಮ್ ಕಾಲು ನೋವಿದೆಯಲ್ಲಜ್ಜಿ."

"ಕಾಲು ನಂದು, ಕುರ್ಚಿ ಅವ್ರುದು," ಎಂದಿತು ಅಜ್ಜಿ. ಕೋಪದಿಂದಲ್ಲ. ಇವತ್ತು ಬಿಸಿಲು ಜಾಸ್ತಿ ಎನ್ನುವ ಹಾಗೆ.

ಗುಮಾಸ್ತರು ತಲೆ ಎತ್ತಿದರು, ನಕ್ಕರು, ನಕಲು ಪಡೆಯುವ ವಿಧಾನವನ್ನು ಬಿಡಿಸಿ ಬಿಡಿಸಿ ಹೇಳಿದರು. ಒಳಗಿನಿಂದ ಟೀ ಬಂತು, ಸಾಹೇಬರಿಗೆ ಮಾತ್ರ. ನಾನು ಜೊತೆಗೆ ಬಂದವಳೆಂದು ಯಾರಿಗೂ ಹೊಳೆಯಲಿಲ್ಲ. ಸಾಹೇಬರಿಗೂ ಹೊಳೆಯಲಿಲ್ಲ. ಟೀ ಮುಗಿಸಿ, ಎಲ್ಲರಿಗೂ ನಮಸ್ಕಾರ ಹೇಳಿ ಎದ್ದರು. ಈ ಸಲ ಬಾಗಿಲನ್ನು ಅಟೆಂಡರ್ ತೆರೆದು ಹಿಡಿದಿದ್ದ.

ದಾರಿಯುದ್ದಕ್ಕೂ ಅವರು ಖುಷಿಯಾಗಿದ್ದರು. ನಾನು ಕಿಟಕಿಯಾಚೆ ನೋಡುತ್ತಾ ಕೂತಿದ್ದೆ. ಅಜ್ಜಿಯ ಹೆಬ್ಬೆರಳಿನ ಬಟ್ಟೆ ಎದ್ದ ರಭಸಕ್ಕೆ ಬಿಚ್ಚಿಕೊಂಡಿತ್ತು. ಅದರ ತುದಿ ನೆಲದ ಮೇಲೆ ಎಳೆದಾಡುತ್ತಿದ್ದುದು ಕಣ್ಣಿಂದ ಹೋಗಲೊಲ್ಲದು.

ಮಧ್ಯಾಹ್ನ ಮತ್ತೆ ದುಂಡಗೆ ಕೂತರು, ಅದೇ ಸಾಲಿನಲ್ಲಿ. ಮೊದಲು ದೊಡ್ಡ ಸಾಹೇಬರೇ ಮಾತಾಡಿದರು. ಬಸ್ಸಿನಲ್ಲಿ ಬೈಸಿಕೊಂಡದ್ದನ್ನು ರಸವತ್ತಾಗಿ ಹೇಳಿ ಎಲ್ಲರನ್ನೂ ನಗಿಸಿದರು. ಆಮೇಲೆ ಗಂಭೀರವಾದರು.

"ಪ್ರಾಮಾಣಿಕವಾಗಿ ಹೇಳ್ತೀನಿ. ನಾವು ಕಚೇರಿಗಳನ್ನ ಸುಮ್ನೆ ಬೈತೀವಿ. ನಾನು ಯಾರು ಅಂತ ಅಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ಹೋದೆ, ಒಂದು ಕುರ್ಚಿ ಖಾಲಿ ಇತ್ತು, ಕೂತೆ. ಮರ್ಯಾದೆಯಿಂದ ಮಾತಾಡ್ಸಿದ್ರು. ವ್ಯವಸ್ಥೆ ಆಗ್ಲೇ ಬದಲಾಗಿದೆ. ನಮ್ಮ ಮನಸ್ಸು ಮಾತ್ರ ಬದಲಾಗ್ಬೇಕು."

ಎಲ್ಲರೂ ತಲೆಯಾಡಿಸಿದರು. ಗೆಳತಿ ನನ್ನ ಕಡೆ ತಿರುಗಿದಳು. "ಜೊತೆಯಲ್ಲಿ ನೀನೂ ಇದ್ದೆ. ಏನಾದ್ರೂ ಹೇಳ್ತೀಯಾ?" ಎಂದು ಕೇಳಿದಳು. ಸುಮ್ಮನೆ ಮರ್ಯಾದೆಗೆ ಕೇಳಿದ್ದು. ಏನಿಲ್ಲ, ಥ್ಯಾಂಕ್ಯೂ ಎಂದು ನಾನು ಹೇಳುತ್ತೇನೆ ಎಂದೇ ಅವಳು ಎಣಿಸಿದ್ದಳು. ನಾನೂ ಹಾಗೆಯೇ ಎಣಿಸಿದ್ದೆ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದೇ ಅದು. ಸಿಸ್ಟರ್ ಬಂದರೆ ಎದ್ದು ನಿಲ್ಲುವುದು, ಕೂರಿ ಎನ್ನುವ ತನಕ ಕೂರದಿರುವುದು, ದೊಡ್ಡವರ ಮಾತನ್ನು ತುಂಡರಿಸದಿರುವುದು. ಗೆಳತಿಯ ಅನ್ನದ ಪ್ರಶ್ನೆ ಬೇರೆ ಸಾಹೇಬರ ನಾಲಿಗೆಯ ತುದಿಯಲ್ಲಿತ್ತು. ಆದರೂ ನನ್ನ ಬಾಯಿಂದ ಬಂದ ಮಾತು ಬೇರೆ.

"ಆ ಕುರ್ಚೀಲಿ ಒಬ್ರು ಕೂತಿದ್ರು ಸರ್."

ನನ್ನ ಧ್ವನಿ ಕೇಳಿ ನಾನೇ ಬೆಚ್ಚಿದೆ.

"ಇಲ್ಲ ಮೇಡಂ. ಖಾಲಿ ಇತ್ತು," ಎಂದರು ಸಾಹೇಬರು, ಮೃದುವಾಗಿಯೇ.

"ಒಬ್ರು ಅಜ್ಜಿ ಸರ್. ಕಾಲಿಗೆ ಗಾಯ ಆಗಿತ್ತು. ನಿಮಗೋಸ್ಕರ ಎಬ್ಬಿಸಿದ್ರು. ನೀವು ಟೀ ಕುಡಿಯೋವಷ್ಟು ಹೊತ್ತೂ ನನ್ನ ಪಕ್ಕ ನಿಂತಿದ್ರು."

ಮೇಲೆ ಒಂದು ವಿಮಾನ ಹಾದುಹೋಯಿತು. ಅದರ ಸದ್ದು ಪೂರ್ತಿ ಅಡಗುವ ತನಕ ಎಲ್ಲರೂ ನೆಲ ನೋಡುತ್ತಿದ್ದರು. ನಾನು ಸಾಹೇಬರ ಮುಖ ನೋಡಿದೆ. ಕೋಪ ಬರುತ್ತದೆ ಎಂದುಕೊಂಡಿದ್ದೆ. ಕೋಪವಿರಲಿಲ್ಲ. ಅವರು ಕಣ್ಣು ಕಿರಿದು ಮಾಡಿ, ಬೆಳಿಗ್ಗೆಯ ಆ ಕೋಣೆಯನ್ನು ನೆನಪಿನಲ್ಲಿ ಹುಡುಕುತ್ತಿದ್ದರು. ಹುಡುಕಿ ಹುಡುಕಿ ಕೊನೆಗೆ, "ನಂಗೆ ಕಂಡಿದ್ದು ಖಾಲಿ ಕುರ್ಚಿನೇ" ಎಂದರು.

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಕಂಡದ್ದು ನಿಜವಾಗಿಯೂ ಖಾಲಿ ಕುರ್ಚಿ. ಇಷ್ಟು ವರ್ಷಗಳ ನೌಕರಿಯಲ್ಲಿ ಅವರು ಹೋದ ಕಡೆಯೆಲ್ಲ ಒಂದು ಕುರ್ಚಿ ಖಾಲಿಯಿದ್ದಿರಬೇಕು. ಅದು ಹೇಗೆ ಖಾಲಿಯಾಯಿತು ಎಂದು ಅವರ ಕಣ್ಣಿಗೆ ಬೀಳುವ ಮೊದಲೇ ಯಾರೋ ಗದ್ದ ಎತ್ತಿರಬೇಕು.

ಟೀ ವಿರಾಮದಲ್ಲಿ ಗೆಳತಿ ನನ್ನನ್ನು ಫ್ಲಾಸ್ಕುಗಳ ಹಿಂದಕ್ಕೆ ಎಳೆದುಕೊಂಡಳು.

"ಹೊಟ್ಟೆ ಮೇಲೆ ಹೊಡೆದ್ಬಿಟ್ಯಲ್ಲೇ ಮಾರಾಯ್ತಿ! ಸ್ಕೂಲಲ್ಲಿ ಬಾಯಿ ಬಿಡ್ತಾನೇ ಇರ್ಲಿಲ್ಲ, ಇವತ್ತೇ ಬಿಡ್ಬೇಕಿತ್ತಾ?"

"ಹೇಳ್ಬಾರ್ದಿತ್ತಾ?"

ಅವಳು ಉತ್ತರ ಕೊಡುವ ಮೊದಲೇ ಸಾಹೇಬರು ನಮ್ಮ ಕಡೆ ಬಂದರು. ನಾವಿಬ್ಬರೂ ತರಗತಿಯಲ್ಲಿ ಮಾತಾಡಿ ಸಿಕ್ಕಿಬಿದ್ದವರ ಹಾಗೆ ನೆಟ್ಟಗೆ ನಿಂತೆವು. "ಮೇಡಂ, ಅಲ್ಲಿಗೆ ಇನ್ನೊಂದ್ಸಲ ಹೋಗಣ. ಕಚೇರಿ ಮುಚ್ಚೋದ್ರೊಳಗೆ," ಎಂದರು ನನಗೆ.

ಈ ಸಲ ಬಸ್ಸಿನಲ್ಲಿ ಹಿಂದಿನ ಸೀಟುಗಳು ಖಾಲಿಯಿದ್ದವು. ಅವರು ಕೂರಲಿಲ್ಲ. ಕಂಬಿ ಹಿಡಿದು ನಿಂತೇ ಬಂದರು. ಕಚೇರಿಯ ಬಾಗಿಲ ಮುಂದೆ ಮತ್ತೆ ಅವರ ಕಾಲು ನಿಂತಿತು. ತಮ್ಮ ಕೈಯನ್ನು ತಾವೇ ನೋಡಿಕೊಂಡರು. ಆಮೇಲೆ ತಳ್ಳಿದರು.

ಅಜ್ಜಿ ಇರಲಿಲ್ಲ. ಆ ಕುರ್ಚಿಯಲ್ಲಿ ತುಂಬು ಬಸುರಿಯೊಬ್ಬಳು ಕೂತಿದ್ದಳು. ಅಟೆಂಡರ್ ಸಾಹೇಬರನ್ನು ಕಂಡು ಓಡಿಬಂದ. ಅವನು ಗದ್ದ ಎತ್ತಬೇಕಾಗಿಯೇ ಬರಲಿಲ್ಲ. ಅವನು ಓಡಿದ ರೀತಿಯನ್ನು ನೋಡಿಯೇ ಆ ಹೆಂಗಸು ಸೊಂಟಕ್ಕೆ ಕೈ ಕೊಟ್ಟು ಏಳತೊಡಗಿದಳು. ಈ ಸಲ ಸಾಹೇಬರಿಗೆ ಕಂಡಿತು. ಮೊದಲಿನಿಂದ ಕೊನೆಯವರೆಗೆ ಕಂಡಿತು.

"ಕೂತ್ಕೊಳ್ರೀ!" ಎಂದು ಗುಡುಗಿದರು.

ಆ ಹೆಂಗಸು ಸರಕ್ಕನೆ ಪೂರ್ತಿ ಎದ್ದು ನಿಂತಳು. ಗುಮಾಸ್ತರು ಎದ್ದರು. ಅವರ ಹಿಂದಿನ ಮೇಜಿನವರು ಎದ್ದರು. ಒಳಕೋಣೆಯಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು, ಅಲ್ಲಿನ ಅಧಿಕಾರಿಯೂ ಹೊರಗೆ ಬಂದು ನಿಂತರು. ಗೋಡೆಗೆ ಒರಗಿದ್ದವರು ಒರಗುವುದನ್ನು ಬಿಟ್ಟು ಕೈಕಟ್ಟಿಕೊಂಡರು. ಇಡೀ ಕಚೇರಿಯಲ್ಲಿ ಕೂತವರು ಒಬ್ಬರೂ ಉಳಿಯಲಿಲ್ಲ. ಫ್ಯಾನಿನ ಗಾಳಿಗೆ ಮೇಜಿನ ಮೇಲಿನ ಒಂದು ಹಾಳೆ ಮಾತ್ರ ಏಳುತ್ತಿತ್ತು, ಬೀಳುತ್ತಿತ್ತು.

ಅವರ ಬಾಯಿಂದ ಬಂದದ್ದು ಕೂತ್ಕೊಳಿ ಎಂಬ ಮಾತು. ಆ ಕೋಣೆಗೆ ಕೇಳಿಸಿದ್ದು ಅದನ್ನು ಹೇಳಿದ ಗಂಟಲು. ಸಾಹೇಬರು ಸುತ್ತಲೂ ನೋಡಿದರು. ಇಷ್ಟು ಜನ ತಮಗಾಗಿ ನಿಂತಿರುವುದನ್ನು ಜೀವಮಾನವೆಲ್ಲ ನೋಡಿದವರು, ಅವತ್ತು ಮೊದಲ ಬಾರಿಗೆ ನೋಡುವವರ ಹಾಗೆ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಹೇಳಿದರೆ ಇನ್ನೇನಾಗುತ್ತದೋ ಎಂದು ಹೆದರಿ ಮುಚ್ಚಿದರು.

ನಾನು ಹೋಗಿ ಆ ಹೆಂಗಸಿನ ಭುಜ ಹಿಡಿದು, "ಕೂತ್ಕೊಳಮ್ಮ, ಅವ್ರು ನಿನಗೆ ಏನೂ ಅಂದಿಲ್ಲ" ಎಂದು ಮೆಲ್ಲಗೆ ಕೂರಿಸಿದೆ. ಅವಳು ಕೂತಳು, ಆದರೆ ಕುರ್ಚಿಯ ತುದಿಯಲ್ಲಿ, ಕಣ್ಣು ಸಾಹೇಬರ ಮೇಲಿಟ್ಟುಕೊಂಡು. ಅವರು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೊರಗೆ ಬಂದುಬಿಟ್ಟರು.

ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಾ ನಿಂತೆವು. ಅವರು, "ನಾನು ಜೋರಾಗಿ ಹೇಳಿದ್ನಾ ಮೇಡಂ?" ಎಂದು ಕೇಳಿದರು.

"ಸ್ವಲ್ಪ ಜೋರಾಗೇ ಹೇಳಿದ್ರಿ ಸರ್."

"ಬೇರೆ ಥರ ಹೇಳೋದು ಮರ್ತೇ ಹೋಗಿದೆ," ಎಂದರು.

ಕೊನೆಯ ದಿನ ಗೆಳತಿ ಬೆಳಗಿನಿಂದ ನೀರನ್ನೂ ಕುಡಿದಿರಲಿಲ್ಲ. ಅಭಿಪ್ರಾಯ ಹೇಳುವ ದಿನ ಅದು. ನಾವು ಸಭಾಂಗಣದ ಬಾಗಿಲು ತೆರೆದಾಗ ಸಾಹೇಬರು ಆಗಲೇ ಬಂದು ಕೂತಿದ್ದರು, ಎಲ್ಲರಿಗಿಂತ ಮೊದಲು. ಬಾಗಿಲ ಬಳಿಯಲ್ಲಲ್ಲ. ಎದುರು ಗೋಡೆಯ ಪರದೆಗೆ ಒತ್ತಿಕೊಂಡು, ಎಲ್ಲರಿಗಿಂತ ಕಿರಿಯ ಅಧಿಕಾರಿ ಕೂರುತ್ತಿದ್ದ ಜಾಗದಲ್ಲಿ. ಅಲ್ಲಿದ್ದ ಕುರ್ಚಿ ಸರಿಸಿ, ನಾನು ಹಿಂದೆ ಎಳೆದಿಟ್ಟಿದ್ದ ಆ ಅಲುಗಾಡುವ ಕುರ್ಚಿಯನ್ನೇ ಹಾಕಿಕೊಂಡಿದ್ದರು.

ಉಳಿದವರು ಬಂದರು. ಬಾಗಿಲಲ್ಲಿ ನಿಂತು ನೋಡಿದರು. ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ, ಒಂದು ಮಾತೂ ಆಡದೆ, ಇಡೀ ಸಾಲು ಹೊರಳಿಕೊಂಡಿತು. ಅವರ ಬಲಕ್ಕೆ ನಂತರದವರು, ಎಡಕ್ಕೆ ಅವರ ನಂತರದವರು. ಕಿರಿಯ ಅಧಿಕಾರಿ ಸದ್ದಿಲ್ಲದೆ ಬಾಗಿಲ ಬಳಿಗೆ ಬಂದು ಕೂತ. ಪರದೆಯ ಕಡೆ ತಲೆ ಹೋಯಿತು, ಬಾಗಿಲ ಕಡೆ ಪಾದ ಬಂತು.

ಸಾಹೇಬರು ಹಣೆಗೆ ಕೈ ಹಚ್ಚಿಕೊಂಡರು. "ನೋಡ್ರಪ್ಪಾ, ನಾನೆಲ್ಲಿ ಕೂತ್ರೆ ಅಲ್ಲೇ ಮೇಲ್ಗಡೆ ಆಗ್ಬಿಡತ್ತೆ," ಎಂದರು. ಒಬ್ಬರಿಬ್ಬರು ನಕ್ಕರು. ಅವರು ನಗುತ್ತಿಲ್ಲ ಎಂದು ತಿಳಿದು ನಿಲ್ಲಿಸಿದರು.

ಆಮೇಲೆ ಅವರು ಆ ಕಚೇರಿಯಲ್ಲಿ ಎರಡನೆಯ ಬಾರಿ ನಡೆದದ್ದನ್ನು ಹೇಳಿದರು. ತಾವು ಗುಡುಗಿದ್ದನ್ನೂ ಬಿಡಲಿಲ್ಲ. ರಸವತ್ತಾಗಿ ಹೇಳಲಿಲ್ಲ, ಮಧ್ಯೆ ಮಧ್ಯೆ ತಡವರಿಸಿದರು. ಎಲ್ಲವನ್ನೂ ಒಪ್ಪುತ್ತಿದ್ದ ಆ ಜನ ಅವತ್ತು ಖಂಡಿತ ಎನ್ನಲಿಲ್ಲ, ಅದೇ ಮುಖ್ಯ ಎನ್ನಲಿಲ್ಲ. ನೆಲಮಂಗಲದ ಕಡೆ ಹೋಗಿದ್ದ ಒಬ್ಬರು ಮಾತ್ರ ಕೈಬೆರಳು ನೋಡಿಕೊಳ್ಳುತ್ತಾ, "ನಂಗೂ ಅಲ್ಲಿ ಕುರ್ಚಿ ಖಾಲಿ ಇತ್ತು ಸರ್" ಎಂದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬರು, "ನಂಗೂ" ಎಂದರು. ಅವರ ಜೊತೆ ಯಾರೂ ಹೋಗಿರಲಿಲ್ಲ. ಆ ಕುರ್ಚಿಗಳಲ್ಲಿ ಯಾರಿದ್ದರೋ ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ.

ಹೊರಡುವಾಗ ಸಾಹೇಬರು ಗೆಳತಿಯ ಹತ್ತಿರ ಬಂದು ನಿಂತರು. ಅವಳು ನನ್ನ ಕೈಯನ್ನು ಹಿಂದಿನಿಂದ ಹಿಡಿದುಕೊಂಡಿದ್ದಳು, ಉಗುರು ಊರುವಷ್ಟು ಗಟ್ಟಿಯಾಗಿ.

"ಮುಂದುವರ್ಸಿ ಅಂತ ಬರೀತೀನಮ್ಮ," ಎಂದರು. "ನಾನು ಬದಲಾದೆ ಅಂತಲ್ಲ. ಈ ವಯಸ್ಸಲ್ಲಿ ಆಗ್ತೀನೋ ಇಲ್ವೋ, ಅದು ಗೊತ್ತಿಲ್ಲ. ಆದ್ರೆ ನಮ್ಮನ್ನ ಒಬ್ಬೊಬ್ರನ್ನೇ ಕಳಿಸ್ಬೇಡಿ. ನಮಗೆ ಕಾಣಲ್ಲ. ನಮ್ಮ ಜೊತೆ ಬಂದ್ರೂ ನಿಂತೇ ಇರೋರು ಯಾರಾದ್ರೂ ಇರ್ಬೇಕು, ಈ ಮೇಡಂ ಥರ." ಕಾರಿನ ಹತ್ತಿರ ಹೋದರು. ಡ್ರೈವರ್ ಓಡಿಬಂದು ಬಾಗಿಲು ತೆರೆದ. ಅವರು ಒಂದು ಕ್ಷಣ ತಡೆದು ಅವನ ಮುಖ ನೋಡಿದರು, ಆಮೇಲೆ ಹತ್ತಿ ಕೂತರು.

ಕೆಲವು ವಾರಗಳ ಮೇಲೆ, ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ಗೆಳತಿಯ ಫೋನ್ ಬಂತು. ಎರಡನೆಯ ತಂಡ ಸಿಕ್ಕಿತ್ತು. ಜ್ವರ ಬಂದಿದ್ದ ಹುಡುಗಿ ಹುಷಾರಾಗಿ ಕೆಲಸಕ್ಕೆ ಬಂದಿದ್ದಳು.

"ಆದ್ರೂ ನೀನು ಬರ್ಲೇಬೇಕು ಕಣೇ. ನಿನ್ ಥರದವ್ರು ಇನ್ನೂ ಕೆಲವ್ರು ಬೇಕು, ನಿಮ್ಮೂರಲ್ಲಿ ಇದ್ರೆ ಹೇಳು."

"ನಾನೇನು ಮಾಡ್ಬೇಕು ಅಲ್ಲಿ?"

"ಅವತ್ತು ಏನ್ ಮಾಡಿದ್ಯೋ ಅದೇ. ನಿಂತಿರು."

ನಕ್ಕೆ. ಆಮೇಲೆ ಮನಸ್ಸಿಗೆ ಏನೋ ಬಂದು ಕೇಳಿದೆ, "ಅಕಸ್ಮಾತ್ ನಂಗೂ ಕುರ್ಚಿ ಕೊಟ್ರೆ?"

ಫೋನಿನಲ್ಲಿ ಅವಳ ಕಡೆಯ ಗಾಡಿಗಳ ಸದ್ದು ಕೇಳುತ್ತಿತ್ತು.

"ಕೊಟ್ರೆ ಕೂತ್ಕೊ," ಎಂದಳು. "ಆದ್ರೆ ಕೂರೋಕೆ ಮುಂಚೆ ಒಂದ್ಸಲ ಸೀಟಿನ ಮೇಲೆ ಕೈ ಇಟ್ಟು ನೋಡು. ಬೆಚ್ಚಗಿದೆಯಾ ಅಂತ."